ಒಳಕೋಣೆ, ಚಾವಡಿ, ಅಂಗಳ: ಒಂದೇ ಫೋನಿನಲ್ಲಿ ಮೂರು ಬ್ರೌಸರ್

ಕಳೆದ ಮಳೆಗಾಲದಲ್ಲಿ ನಮ್ಮ ನೆರೆಮನೆಯ ಮಾವನ ತೋಟಕ್ಕೆ ಕೊಳೆರೋಗ ಬಂತು. ಎರಡು ಸಲ ಬೋರ್ಡೋ ಮದ್ದು ಬಿಟ್ಟರೂ ಎಳೆಯ ಅಡಿಕೆ ಉದುರುವುದು ನಿಲ್ಲಲಿಲ್ಲ. ಒಂದು ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಅವರು ಫೋನು ಹಿಡಿದು, ಚಿನ್ನ ಅಡವಿಟ್ಟರೆ ಸಾಲಕ್ಕೆ ಬಡ್ಡಿ ಎಷ್ಟು ಬೀಳುತ್ತದೆ ಎಂದು ಹುಡುಕಿದರು. ನಾಲ್ಕೈದು ಪುಟ ನೋಡಿ ಮುಚ್ಚಿದರು. ಮರುದಿನ ಮೊಮ್ಮಗಳು ಶಾಲೆಯ ಪಾಠಕ್ಕೆಂದು ಅದೇ ಫೋನಿನಲ್ಲಿ ಹಕ್ಕಿಗಳ ಚಿತ್ರ ಹುಡುಕುತ್ತಿದ್ದಾಗ ಪುಟದ ಮೇಲೆ, ನಡುವೆ, ಕೆಳಗೆ ಎಲ್ಲ ಕಡೆಯೂ ಸಾಲದ ಜಾಹೀರಾತು. ನಮಗೆ ಸಾಲ ಬೇಕಾಗಿದೆಯೇ ಎಂದು ಮಗು ಊಟದ ಹೊತ್ತಿನಲ್ಲಿ ಎಲ್ಲರೆದುರು ಅಜ್ಜನನ್ನು ಕೇಳಿತು. ಮಾವ ಆ ಮಾತನ್ನು ಅತ್ತೆಗೂ ಇನ್ನೂ ಹೇಳಿರಲಿಲ್ಲ.

ಸಂಜೆ ನಮ್ಮಲ್ಲಿಗೆ ಬಂದು ಅವರು ಕೇಳಿದ್ದು ಒಂದೇ ಪ್ರಶ್ನೆ: ‘ನಾನು ಯಾರಿಗೂ ಹೇಳಿಲ್ಲ. ಹಾಗಾದರೆ ಹೇಳಿದವರು ಯಾರು?’

ಹೇಳಿದ್ದು ಬ್ರೌಸರ್, ಅಂದರೆ ಜಾಲತಾಣಗಳನ್ನು ತೆರೆದು ತೋರಿಸುವ ಆ್ಯಪ್. ಮನೆಯ ಎಲ್ಲ ಕೆಲಸಕ್ಕೂ ಒಂದೇ ಬ್ರೌಸರ್ ಬಳಸಿದರೆ ಹೀಗಾಗುವುದು ಸಹಜ. ಅಂದೇ ಚಾವಡಿಯಲ್ಲಿ ಕುಳಿತು ಮಾವನ ಫೋನನ್ನು ಹೊಸದಾಗಿ ಜೋಡಿಸಿಕೊಟ್ಟೆ. ಸುಮಾರು ಒಂದು ಗಂಟೆ ಹಿಡಿಯಿತು. ಆಮೇಲೆ ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ ಕಡೆಯ ಬಂಧುಗಳ ಮನೆಗಳಲ್ಲಿಯೂ ಇದನ್ನೇ ಮಾಡಿದ್ದೇನೆ. ಮಾಡಿದ್ದನ್ನು ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಗೊತ್ತಿರಲಿ

ಜಾಲತಾಣವೊಂದು ನಿಮ್ಮ ಗುರುತು ಹಿಡಿಯಲು ನಿಮ್ಮದೇ ಬ್ರೌಸರಿನೊಳಗೆ ಇಟ್ಟುಹೋಗುವ ಚೀಟಿಗೆ ಕುಕಿ ಎಂದು ಹೆಸರು. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಲೂ ಮಾಂಟುಲಿ ಇದನ್ನು ರೂಪಿಸಿದರು. ಅಂಗಡಿಯ ತಾಣದಲ್ಲಿ ನೀವು ಆರಿಸಿದ ವಸ್ತು ಮುಂದಿನ ಪುಟಕ್ಕೆ ಹೋಗುವಷ್ಟರಲ್ಲಿ ಮರೆತುಹೋಗಬಾರದು ಎಂಬಂಥ ಸರಳ ಅಗತ್ಯಕ್ಕೆ ಹುಟ್ಟಿದ್ದು ಅದು. ಇಂದಿಗೂ ಲಾಗಿನ್ ಆದ ತಾಣವು ಪುಟದಿಂದ ಪುಟಕ್ಕೆ ನಿಮ್ಮನ್ನು ಗುರುತಿಸುವುದು ಹೆಚ್ಚಾಗಿ ಇಂಥ ಚೀಟಿಯಿಂದಲೇ.

ತೊಂದರೆ ಬಂದದ್ದು ಮೂರನೆಯವರ ಕುಕಿಯಿಂದ. ನೀವು ಓದುವ ಪುಟದಲ್ಲಿ ಜಾಹೀರಾತಿಗೆ ಜಾಗ ಪಡೆದ ಕಂಪನಿಯೂ ತನ್ನದೊಂದು ಚೀಟಿ ಇಡುತ್ತದೆ. ಅದೇ ಕಂಪನಿ ಸಾಲದ ಪುಟದಲ್ಲಿಯೂ ಇದೆ, ಹಕ್ಕಿಯ ಚಿತ್ರದ ಪುಟದಲ್ಲಿಯೂ ಇದೆ. ರಾತ್ರಿ ಅಲ್ಲಿ ಕಂಡವರೇ ಬೆಳಗ್ಗೆ ಇಲ್ಲಿಗೆ ಬಂದಿದ್ದಾರೆ ಎಂದು ಅದಕ್ಕೆ ತಿಳಿಯುತ್ತದೆ. ಬಂದಿರುವುದು ಅಜ್ಜನೋ ಮೊಮ್ಮಗಳೋ ಎಂಬುದು ಅದಕ್ಕೆ ಬೇಕಾಗಿಲ್ಲ.

ಆದರೆ ಒಂದು ಬ್ರೌಸರಿನಲ್ಲಿರುವ ಚೀಟಿ ಇನ್ನೊಂದು ಬ್ರೌಸರಿಗೆ ಕಾಣಿಸುವುದಿಲ್ಲ. ಮುಂದೆ ಹೇಳುವ ಉಪಾಯವೆಲ್ಲ ನಿಂತಿರುವುದು ಈ ಒಂದು ಗುಣದ ಮೇಲೆ.

ಕಾಗದ, ಪೆನ್ನು, ಮೂರು ಪಟ್ಟಿ

ಫೋನು ಮುಟ್ಟುವ ಮೊದಲು ಕಾಗದದಲ್ಲಿ ಬರೆಯಿರಿ. ಇದನ್ನು ಬಿಟ್ಟು ಮುಂದೆ ಹೋದ ಮನೆಗಳಲ್ಲಿ ಎರಡು ವಾರದೊಳಗೆ ಎಲ್ಲವೂ ಮತ್ತೆ ಕಲಸಿಹೋಗಿತ್ತು.

ಮೊದಲ ಪಟ್ಟಿ, ಹೆಸರು, ದಾಖಲೆ ಅಥವಾ ಹಣ ನಿಜವಾಗಿಯೇ ಕೊಡಬೇಕಾದ ತಾಣಗಳು. ಗಡಿಯಲ್ಲಿರುವ ನಮಗೆ ಈ ಪಟ್ಟಿ ಉದ್ದ. ಬ್ಯಾಂಕ್, ಆಧಾರ್, ಆದಾಯ ತೆರಿಗೆ ಎಲ್ಲರಿಗೂ ಇರುವಂಥವು. ಅದರ ಮೇಲೆ ಆದಾಯ, ಜಾತಿ ಪ್ರಮಾಣಪತ್ರಕ್ಕೆ ಕೇರಳದ ಇ-ಡಿಸ್ಟ್ರಿಕ್ಟ್, ವಿದ್ಯುತ್ ಬಿಲ್ಲಿಗೆ ಕೆಎಸ್‌ಇಬಿ, ಕೆಲಸಕ್ಕೆ ಅರ್ಜಿ ಹಾಕುವ ಮಕ್ಕಳಿಗೆ ಕೇರಳ ಪಿಎಸ್‌ಸಿಯ ‘ತುಳಸಿ’. ಮಗಳನ್ನು ಗಡಿನಾಡ ಕನ್ನಡಿಗರ ವಿಭಾಗದಲ್ಲಿ ಸಿಇಟಿಗೆ ಕೂರಿಸಿದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ್ದೂ ಸೇರಿತು. ಚಿಕಿತ್ಸೆಗೆ ಮಂಗಳೂರಿಗೆ ಹೋಗುವವರು ಆಸ್ಪತ್ರೆಯ ತಾಣವನ್ನೂ ಇಲ್ಲಿಯೇ ಬರೆಯಬೇಕು.

ಎರಡನೆಯದು, ಲಾಗಿನ್ ಆಗಿರುವ ಆದರೆ ಹಣವಿಲ್ಲದ ತಾಣಗಳು: ಜಿಮೇಲ್, ಫೇಸ್‌ಬುಕ್, ಯೂಟ್ಯೂಬ್, ಶಾಲೆಯ ತರಗತಿ. ಆನ್‌ಲೈನ್ ಅಂಗಡಿಗಳನ್ನೂ ನಾನು ಇಲ್ಲಿಯೇ ಸೇರಿಸುತ್ತೇನೆ, ಕಾರ್ಡಿನ ವಿವರವನ್ನು ಅವುಗಳಲ್ಲಿ ಉಳಿಸದೆ.

ಮೂರನೆಯದು, ಹೆಸರು ಹೇಳುವ ಅಗತ್ಯವೇ ಇಲ್ಲದ ಓಡಾಟ: ಅಡಿಕೆಯ ಧಾರಣೆ, ಪತ್ರಿಕೆ, ಅಡುಗೆ, ಕಾಯಿಲೆಯ ಲಕ್ಷಣ, ಸಾಲದ ಬಡ್ಡಿ, ಕಾನೂನಿನ ಸಂಶಯ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಲಿಂಕ್. ಮಾವನ ರಾತ್ರಿಯ ಹುಡುಕಾಟ ಇದರಲ್ಲಿ ಬರಬೇಕಿತ್ತು.

ನಮ್ಮ ಮನೆಗಳಲ್ಲಿ ದಾಖಲೆಪತ್ರ ಇರುವುದು ಒಳಕೋಣೆಯಲ್ಲಿ, ಪರಿಚಿತರು ಕೂರುವುದು ಚಾವಡಿಯಲ್ಲಿ, ದಾರಿಹೋಕರು ನಿಲ್ಲುವುದು ಅಂಗಳದಲ್ಲಿ. ಮಾವನಿಗೆ ಮೂರು ಬ್ರೌಸರುಗಳ ಹೆಸರು ನೆನಪಿಡುವುದು ಕಷ್ಟವಾಗಿ ನಾನು ಅವನ್ನು ಹಾಗೆಯೇ ಕರೆದೆ. ಅವರಿಗೆ ಆಗಲೇ ಅರ್ಥವಾಯಿತು.

ಯಾವ ಕೋಣೆಗೆ ಯಾವ ಬ್ರೌಸರ್

ಒಳಕೋಣೆಗೆ ಕ್ರೋಮ್. ಖಾಸಗಿತನದ ಮಾತು ಆಡುತ್ತ ಕ್ರೋಮ್ ಏಕೆ ಎಂದು ಕೆಲವರು ಹುಬ್ಬೇರಿಸುತ್ತಾರೆ. ಆಂಡ್ರಾಯ್ಡ್ ಫೋನಿನಲ್ಲಿ ಅದು ಮೊದಲೇ ಇರುತ್ತದೆ, ಭದ್ರತೆಯ ತಿದ್ದುಪಡಿಗಳು ತಪ್ಪದೆ ಬರುತ್ತವೆ, ಬ್ಯಾಂಕುಗಳ ಮತ್ತು ಸರಕಾರದ ತಾಣಗಳು ಅದರಲ್ಲಿ ತಡವರಿಸುವುದು ಕಡಿಮೆ. ಕಟ್ಟುನಿಟ್ಟಿನ ತಡೆಯಿರುವ ಬ್ರೌಸರಿನಲ್ಲಿ ಹಣ ಪಾವತಿಯ ಪುಟ ಅರ್ಧದಲ್ಲಿ ನಿಂತು, ಖಾತೆಯಿಂದ ದುಡ್ಡು ಹೋಯಿತೋ ಇಲ್ಲವೋ ತಿಳಿಯದೆ ಕೂರುವ ಸಂಕಟ ಯಾರಿಗೂ ಬೇಡ. ಒಳಕೋಣೆಯಲ್ಲಿ ಬೇರೆ ಯಾವ ಓಡಾಟವೂ ಇಲ್ಲದಿದ್ದರೆ ಅಲ್ಲಿ ಕಲೆಹಾಕಲು ಸಿಗುವುದೂ ಸ್ವಲ್ಪವೇ.

ಚಾವಡಿಗೆ ಬ್ರೇವ್. ಕ್ರೋಮಿನ ತಳಹದಿಯಾದ ಕ್ರೋಮಿಯಂ ಮೇಲೆಯೇ ಕಟ್ಟಿದ್ದಾದ್ದರಿಂದ ತಾಣಗಳು ಸಾಮಾನ್ಯವಾಗಿ ಸರಿಯಾಗಿ ತೆರೆಯುತ್ತವೆ, ಹಿಂಬಾಲಿಸುವ ಜಾಹೀರಾತನ್ನು ಅದು ತಾನಾಗಿ ತಡೆಯುತ್ತದೆ. ಮೊದಲ ಸಲ ತೆರೆದಾಗ ಅದರದೇ ಜಾಹೀರಾತು, ಬಹುಮಾನದ ಆಹ್ವಾನ ಬಂದರೆ ಬೇಡ ಎನ್ನಿ.

ಅಂಗಳಕ್ಕೆ ಫೈರ್‌ಫಾಕ್ಸ್. ಒಂದು ತಾಣದ ಕುಕಿ ಇನ್ನೊಂದು ತಾಣದ ಕೈಗೆ ಸಿಗದಂತೆ ಪ್ರತ್ಯೇಕ ಇಡುವ ಏರ್ಪಾಡನ್ನು ಫೈರ್‌ಫಾಕ್ಸ್ 2022ರಲ್ಲಿ ಕಂಪ್ಯೂಟರಿನ ಬಳಕೆದಾರರಿಗೆಲ್ಲ ತಾನಾಗಿ ಜಾರಿಗೆ ತಂದಿತು. ಜತೆಗೆ ಆಂಡ್ರಾಯ್ಡಿನಲ್ಲಿಯೂ ಅದಕ್ಕೆ ‘ಯುಬ್ಲಾಕ್ ಒರಿಜಿನ್’ ಎಂಬ ಜಾಹೀರಾತಿನ ತಡೆಗಾರನನ್ನು ಸೇರಿಸಬಹುದು. ಅದು ಉಚಿತ, ಕೆಲಸ ಅಚ್ಚುಕಟ್ಟು.

ಫೋನಿನಲ್ಲಿ ಜಾಗ ಕಡಿಮೆಯಿದ್ದರೆ ಚಾವಡಿಯನ್ನು ಬಿಡಬಹುದು. ಒಳಕೋಣೆ ಮತ್ತು ಅಂಗಳ ಬೇರೆಯಾಗಿರಲೇಬೇಕು. ಐಫೋನ್ ಇರುವವರಿಗೆ ಸಫಾರಿಯೇ ಒಳಕೋಣೆಯಾಗಲಿ. ಮೂರನೆಯವರ ಕುಕಿಯನ್ನು ಅದು 2020ರಿಂದಲೇ ಪೂರ್ತಿಯಾಗಿ ತಡೆಯುತ್ತಿದೆ. ಹೊಸ ಬ್ರೌಸರನ್ನು ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರಿನಿಂದ ಮಾತ್ರ ಇಳಿಸಿಕೊಳ್ಳಿ, ಯಾರೋ ಕಳುಹಿಸಿದ ಫೈಲಿನಿಂದ ಬೇಡ.

ಹಳೆಯ ಕಸ ಗುಡಿಸುವುದು

ಇಷ್ಟು ದಿನ ಎಲ್ಲ ಕೆಲಸಕ್ಕೂ ಬಳಸಿದ ಕ್ರೋಮನ್ನು ಹಾಗೆಯೇ ಒಳಕೋಣೆ ಮಾಡಲಾಗದು. ಮೇಲಿನ ಮೂರು ಚುಕ್ಕೆ ಒತ್ತಿ ‘ಸೆಟ್ಟಿಂಗ್ಸ್’ಗೆ ಹೋಗಿ. ‘ಪ್ರೈವೆಸಿ ಅಂಡ್ ಸೆಕ್ಯುರಿಟಿ’ಯಲ್ಲಿ ‘ಡಿಲೀಟ್ ಬ್ರೌಸಿಂಗ್ ಡೇಟಾ’ ಎಂದಿರುತ್ತದೆ. ಕಾಲಾವಧಿಯನ್ನು ‘ಆಲ್ ಟೈಮ್’ ಎಂದು ಆರಿಸಿ ಇತಿಹಾಸ, ಕುಕಿ, ಸಂಗ್ರಹವಾದ ಚಿತ್ರ ಮೂರನ್ನೂ ಅಳಿಸಿ. ಪಾಸ್‌ವರ್ಡ್ ಎಂಬ ಗುರುತನ್ನು ಮಾತ್ರ ಮುಟ್ಟಬೇಡಿ. ಅದರಲ್ಲಿ ಏನೇನು ಉಳಿದಿದೆ ಎಂದು ನೋಡಿ ಬರೆದಿಟ್ಟುಕೊಂಡ ಮೇಲೆ ಆ ವಿಚಾರ.

ಅಲ್ಲಿಯೇ ‘ಥರ್ಡ್ ಪಾರ್ಟಿ ಕುಕೀಸ್’ ಎಂಬಲ್ಲಿಗೆ ಹೋಗಿ ತಡೆಯುವ ಆಯ್ಕೆಯನ್ನು ಒತ್ತಿ. ಇದನ್ನು ನೀವೇ ಮಾಡಬೇಕು. ಕ್ರೋಮಿನಿಂದ ಮೂರನೆಯವರ ಕುಕಿಯನ್ನು ತೆಗೆದುಹಾಕುತ್ತೇವೆ ಎಂದು ಗೂಗಲ್ 2020ರಲ್ಲಿ ಹೇಳಿತ್ತು, ಮತ್ತೆ ಮತ್ತೆ ಮುಂದೂಡಿ 2024ರಲ್ಲಿ ಆ ಯೋಜನೆಯಿಂದ ಹಿಂದೆ ಸರಿಯಿತು.

ಇನ್ನೊಂದು ಕೆಲಸವಿದೆ, ಅದರ ಫಲ ಅಂದೇ ಕಾಣುತ್ತದೆ. ‘ಸೈಟ್ ಸೆಟ್ಟಿಂಗ್ಸ್’ನಲ್ಲಿ ‘ನೋಟಿಫಿಕೇಶನ್ಸ್’ ತೆರೆದು ನೋಡಿ. ಯಾವಾಗಲೋ ಅವಸರದಲ್ಲಿ ‘ಅಲೋ’ ಒತ್ತಿದ ತಾಣಗಳ ಸಾಲೇ ಅಲ್ಲಿರುತ್ತದೆ. ದಿನವಿಡೀ ಫೋನಿನ ತಲೆಯ ಮೇಲೆ ಬಂದು ಕೂರುವ ಬಹುಮಾನದ, ಸಾಲದ, ವೈರಸ್ ಬಂದಿದೆ ಎಂಬ ಸುಳ್ಳು ಎಚ್ಚರಿಕೆಗಳಲ್ಲಿ ಬಹಳಷ್ಟು ಬರುವುದು ಇಲ್ಲಿಂದಲೇ. ಎಲ್ಲಕ್ಕೂ ‘ಬ್ಲಾಕ್’ ಕೊಡಿ. ಮಾವನ ಫೋನಿನಲ್ಲಿ ಇಂಥವು ಹತ್ತಕ್ಕಿಂತ ಹೆಚ್ಚಿದ್ದವು. ಫೋನು ಹಾಳಾಗಿದೆ, ಹೊಸದು ಕೊಳ್ಳಬೇಕು ಎಂದು ಅವರು ಅದುವರೆಗೆ ತಿಳಿದಿದ್ದರು.

ಕೊನೆಗೆ ಕ್ರೋಮಿನ ಸೆಟ್ಟಿಂಗ್ಸ್‌ನ ಮೇಲ್ಭಾಗದಲ್ಲಿ ನಿಮ್ಮ ಹೆಸರು ಕಾಣುತ್ತಿದ್ದರೆ ಅದನ್ನು ಒತ್ತಿ ‘ಸೈನ್ ಔಟ್’ ಮಾಡಿ. ಬ್ಯಾಂಕಿಗೆ ಹೋಗಿಬಂದದ್ದು ಗೂಗಲ್ ಖಾತೆಯ ಇತಿಹಾಸಕ್ಕೆ ಸೇರುವ ಅಗತ್ಯವಿಲ್ಲ.

ಲಿಂಕುಗಳೆಲ್ಲ ಅಂಗಳಕ್ಕೆ ಬೀಳಲಿ

ಈ ಲೇಖನದಲ್ಲಿ ಒಂದೇ ಒಂದನ್ನು ಮಾಡಲು ಸಮಯವಿದ್ದರೆ ಇದನ್ನು ಮಾಡಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಆ್ಯಪ್ಸ್’, ಅದರೊಳಗೆ ‘ಡಿಫಾಲ್ಟ್ ಆ್ಯಪ್ಸ್’, ಅದರೊಳಗೆ ‘ಬ್ರೌಸರ್ ಆ್ಯಪ್’. ಅಲ್ಲಿ ಫೈರ್‌ಫಾಕ್ಸನ್ನು ಆರಿಸಿ. ಕೆಲವು ಕಂಪನಿಗಳ ಫೋನಿನಲ್ಲಿ ಹೆಸರು ಸ್ವಲ್ಪ ಬೇರೆಯಿರಬಹುದು. ಸೆಟ್ಟಿಂಗ್ಸ್‌ನ ಹುಡುಕು ಪೆಟ್ಟಿಗೆಯಲ್ಲಿ ‘ಡಿಫಾಲ್ಟ್’ ಎಂದು ಬರೆದರೆ ಸಿಗುತ್ತದೆ.

ಇನ್ನು ಮುಂದೆ ವಾಟ್ಸ್‌ಆ್ಯಪ್‌ನಲ್ಲಿ, ಎಸ್‌ಎಂಎಸ್‌ನಲ್ಲಿ ಬರುವ ಲಿಂಕು ಒತ್ತಿದರೆ ಅದು ಅಂಗಳದಲ್ಲಿ ತೆರೆಯುತ್ತದೆ. ಅಲ್ಲಿ ನಿಮ್ಮ ಹೆಸರಿಲ್ಲ, ಲಾಗಿನ್ ಇಲ್ಲ. ವಿದ್ಯುತ್ ಸಂಪರ್ಕ ಇಂದು ರಾತ್ರಿ ಕಡಿತವಾಗುತ್ತದೆ ಎಂದು ಹೆದರಿಸುವ ಲಿಂಕ್, ಕೆವೈಸಿಯ ಅವಧಿ ಮುಗಿದಿದೆ ಎನ್ನುವ ಲಿಂಕ್ ಎಲ್ಲವೂ ಬಂದು ಬೀಳುವುದು ಅಲ್ಲಿಗೇ. ಬ್ಯಾಂಕಿನ ಪುಟ ಎಂದು ಹೇಳಿಕೊಳ್ಳುವುದು ಅಂಗಳದಲ್ಲಿ ತೆರೆಯಿತೆಂದರೆ ಅದನ್ನು ಮುಚ್ಚಿ, ನೀವಾಗಿ ಒಳಕೋಣೆಗೆ ಹೋಗಿ ಬ್ಯಾಂಕನ್ನು ತೆರೆಯಬೇಕು. ಈ ಒಂದು ಅಭ್ಯಾಸ ಕೈಗೆ ಹತ್ತಿದರೆ ಖಾಸಗಿತನದ ಜತೆಗೆ ದುಡ್ಡೂ ಉಳಿಯುತ್ತದೆ.

ಒಂದು ಎಚ್ಚರ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಆ್ಯಪ್‌ಗಳು ಲಿಂಕನ್ನು ಹೊರಗೆ ಕಳುಹಿಸದೆ ತಮ್ಮ ಹೊಟ್ಟೆಯೊಳಗೇ ತೆರೆಯುತ್ತವೆ. ಆಗ ಮೂರು ಚುಕ್ಕೆ ಒತ್ತಿ ಹೊರಗಿನ ಬ್ರೌಸರಿನಲ್ಲಿ ತೆರೆಯುವ ಆಯ್ಕೆಯನ್ನು ಹುಡುಕಿ. ಸಾಧ್ಯವಾದರೆ ಆ ಆ್ಯಪನ್ನೇ ತೆಗೆದು, ಚಾವಡಿಯ ಬ್ರೌಸರಿನಲ್ಲಿ ಫೇಸ್‌ಬುಕ್ ನೋಡುವುದು ಒಳ್ಳೆಯದು.

ಅಂಗಳ ಗುಡಿಸಿಯೇ ಮಲಗುವುದು

ಫೈರ್‌ಫಾಕ್ಸಿನ ಸೆಟ್ಟಿಂಗ್ಸ್‌ನಲ್ಲಿ ‘ಎನ್‌ಹಾನ್ಸ್ಡ್ ಟ್ರ್ಯಾಕಿಂಗ್ ಪ್ರೊಟೆಕ್ಷನ್’ ಇದೆ, ಅದನ್ನು ‘ಸ್ಟ್ರಿಕ್ಟ್’ ಮಾಡಿ. ಅಲ್ಲಿಯೇ ‘ಡಿಲೀಟ್ ಬ್ರೌಸಿಂಗ್ ಡೇಟಾ ಆನ್ ಕ್ವಿಟ್’ ಎಂಬುದನ್ನು ಚಾಲೂ ಮಾಡಿದರೆ ಮೆನುವಿನಲ್ಲಿ ‘ಕ್ವಿಟ್’ ಎಂಬ ಹೊಸ ಗುಂಡಿ ಬರುತ್ತದೆ. ಅದನ್ನು ಒತ್ತಿ ಹೊರಬಂದರೆ ಇತಿಹಾಸ, ಕುಕಿ ಎರಡೂ ಅಳಿಯುತ್ತವೆ. ಬೆರಳಿನಿಂದ ತಳ್ಳಿ ಮುಚ್ಚಿದರೆ ಅಳಿಯಿತು ಎಂಬ ಭರವಸೆಯಿಲ್ಲ, ‘ಕ್ವಿಟ್’ ಒತ್ತಲೇಬೇಕು. ಹುಡುಕಾಟದ ಯಂತ್ರವನ್ನು ಡಕ್‌ಡಕ್‌ಗೋ ಎಂದು ಬದಲಿಸಿ. ಕನ್ನಡದಲ್ಲಿ ಹುಡುಕುವಾಗ ಅದು ಗೂಗಲಿನಷ್ಟು ಚುರುಕಲ್ಲ ಎಂಬುದು ನನ್ನ ಅನುಭವ. ಬೇಕಾದ್ದು ಸಿಗದಿದ್ದರೆ ಅಂಗಳದಲ್ಲಿಯೇ ಲಾಗಿನ್ ಆಗದೆ ಗೂಗಲ್ ತೆರೆದರೆ ಅಡ್ಡಿಯಿಲ್ಲ.

ಒಂದೇ ಫೋನನ್ನು ಮನೆಮಂದಿಯೆಲ್ಲ ಬಳಸುವಲ್ಲಿ ಈ ‘ಕ್ವಿಟ್’ ಗುಂಡಿಗೆ ದೊಡ್ಡ ಬೆಲೆಯಿದೆ. ಮದುವೆಯಾದ ಮಗಳು ತವರಿಗೆ ಬಂದಾಗ ವೈದ್ಯರ ಬಗ್ಗೆ ಹುಡುಕಿದ್ದು, ಹುಡುಗನೊಬ್ಬ ತನ್ನ ಮನಸ್ಸಿನ ಕಷ್ಟಕ್ಕೆ ಸಲಹೆ ಹುಡುಕಿದ್ದು ಅವರವರಲ್ಲಿಯೇ ಉಳಿಯಬೇಕು. ಮುಚ್ಚಿಡುವವರು ತಪ್ಪು ಮಾಡಿದವರು ಎಂದು ಕೆಲವರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಕಷ್ಟವನ್ನು ಯಾರಿಗೆ, ಯಾವಾಗ ಹೇಳಬೇಕು ಎಂದು ತೀರ್ಮಾನಿಸುವ ಹಕ್ಕು ಕಷ್ಟಪಡುವವರದ್ದು. ಮಾವ ಅತ್ತೆಗೆ ಹೇಳುವವರಿದ್ದರು, ತಮ್ಮ ಮಾತಿನಲ್ಲಿ, ಎರಡು ದಿನ ಬಿಟ್ಟು.

ಒಳಕೋಣೆಯ ಬೀಗ

ಬ್ಯಾಂಕಿನ ವಿಳಾಸವನ್ನು ಒಮ್ಮೆ ಪಾಸ್‌ಬುಕ್ ನೋಡಿ ಅಥವಾ ಶಾಖೆಯಲ್ಲಿ ಕೇಳಿ ಸರಿಯಾಗಿ ಬರೆದು, ಕ್ರೋಮಿನಲ್ಲಿ ನಕ್ಷತ್ರದ ಗುರುತು ಒತ್ತಿ ಉಳಿಸಿ. ಆಮೇಲೆ ಯಾವಾಗಲೂ ಅದರಿಂದಲೇ ಒಳಹೋಗಿ, ಹುಡುಕಾಟದ ಫಲಿತಾಂಶದಿಂದ ಅಲ್ಲ. ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ತಮ್ಮ ತಾಣಗಳನ್ನು ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಯಾಗುವ ವಿಳಾಸಕ್ಕೆ ಬದಲಿಸಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿತ್ತು. ನಿಮ್ಮ ಹಳೆಯ ಗುರುತು ಬೇರೆ ವಿಳಾಸವನ್ನು ತೋರಿಸುತ್ತಿದ್ದರೆ ಈಗಲೇ ಬದಲಿಸಿ. ಸರಕಾರದ ತಾಣಗಳು ಹೆಚ್ಚಾಗಿ ‘ಡಾಟ್ ಗವ್ ಡಾಟ್ ಇನ್’ ಎಂದು ಮುಗಿಯುತ್ತವೆ.

ಮೊದಲ ಪಟ್ಟಿಯಲ್ಲಿರುವ ಎಲ್ಲವನ್ನೂ ಹೀಗೆ ಉಳಿಸಿ. ಪಟ್ಟಿಯಲ್ಲಿ ಇಲ್ಲದ ಯಾವುದನ್ನೂ ಕ್ರೋಮಿನಲ್ಲಿ ತೆರೆಯಬೇಡಿ, ಒಂದು ನಿಮಿಷಕ್ಕೂ. ಇಷ್ಟೆಲ್ಲ ಆದ ಮೇಲೂ ಯಾರಾದರೂ ದುಡ್ಡು ಲಪಟಾಯಿಸಿದರೆ ಕೂಡಲೇ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ದುಡ್ಡು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಗೋಡೆ ಬೀಳುವುದು ಎಲ್ಲಿ

ಮೂರು ಬ್ರೌಸರಿನಲ್ಲಿಯೂ ಒಂದೇ ಗೂಗಲ್ ಖಾತೆಗೆ ಲಾಗಿನ್ ಆದರೆ ಮೂರೂ ಒಂದೇ ಆಗಿಹೋಗುತ್ತವೆ. ‘ಗೂಗಲ್ ಮೂಲಕ ಮುಂದುವರಿಯಿರಿ’ ಎಂಬ ಗುಂಡಿ ಅಂಗಳದಲ್ಲಿ ಕಂಡರೆ ಒತ್ತಬೇಡಿ. ಫೋನ್ ನಂಬರ್ ಕೊಟ್ಟರೂ ಅಷ್ಟೇ.

ಮೂರಕ್ಕೂ ಇಂಟರ್‌ನೆಟ್ ಸಂಪರ್ಕ ಒಂದೇ. ಆದ್ದರಿಂದ ಐಪಿ ವಿಳಾಸ, ಅಂದರೆ ನಿಮ್ಮ ಸಂಪರ್ಕದ ಗುರುತಿನ ಸಂಖ್ಯೆ, ಎಲ್ಲ ಕಡೆಯೂ ಒಂದೇ ಕಾಣುತ್ತದೆ, ಸಂಪರ್ಕ ಕೊಡುವ ಕಂಪನಿಗೆ ನೀವು ಯಾವ ತಾಣಕ್ಕೆ ಹೋದಿರಿ ಎಂಬುದು ಸಾಮಾನ್ಯವಾಗಿ ತಿಳಿಯುತ್ತದೆ. ಇತಿಹಾಸ ಉಳಿಸದ ಕ್ರೋಮಿನ ‘ಇನ್‌ಕಾಗ್ನಿಟೊ’ ಕಿಟಕಿಯೂ ಇದನ್ನು ಮರೆಮಾಡುವುದಿಲ್ಲ. ಆ ಕಿಟಕಿಯಲ್ಲಿದ್ದಾಗಲೂ ಮಾಹಿತಿ ಸಂಗ್ರಹವಾಗುತ್ತಿತ್ತು ಎಂಬ ಮೊಕದ್ದಮೆ ಅಮೆರಿಕದಲ್ಲಿ ನಡೆದು, 2024ರಲ್ಲಿ ಗೂಗಲ್ ಆ ಮಾಹಿತಿಯನ್ನು ಅಳಿಸಲು ರಾಜಿಯಲ್ಲಿ ಒಪ್ಪಿಕೊಂಡಿತು. ಆ ಕಿಟಕಿ ಮುಖ್ಯವಾಗಿ ಅಳಿಸುವುದು ನಿಮ್ಮ ಫೋನಿನಲ್ಲಿ ಉಳಿಯುವ ಗುರುತನ್ನು.

ಬ್ರೌಸರಿನ ಹೊರಗೆ ಆ್ಯಪ್‌ಗಳು ಬೇರೆಯೇ ಲೆಕ್ಕ ಇಡುತ್ತವೆ. ಹೊಸ ಆಂಡ್ರಾಯ್ಡ್ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ‘ಪ್ರೈವೆಸಿ’ ಅಥವಾ ‘ಗೂಗಲ್’ ಎಂಬಲ್ಲಿ ‘ಆ್ಯಡ್ಸ್’ ಹುಡುಕಿ, ‘ಡಿಲೀಟ್ ಅಡ್ವರ್ಟೈಸಿಂಗ್ ಐಡಿ’ ಒತ್ತಿ.

ಇನ್ನೊಂದು ನಮ್ಮ ಕಡೆಯವರು ವಿಶೇಷವಾಗಿ ತಿಳಿಯಬೇಕಾದದ್ದು. ಕುಕಿ ಇಲ್ಲದೆಯೂ ಗುರುತು ಹಿಡಿಯುವ ದಾರಿಯಿದೆ. ಪರದೆಯ ಅಳತೆ, ಅಕ್ಷರಶೈಲಿಗಳು, ಸಮಯವಲಯ, ಭಾಷೆ ಹೀಗೆ ಬ್ರೌಸರ್ ತಾನಾಗಿ ಹೇಳುವ ಸಣ್ಣ ಸಣ್ಣ ಸಂಗತಿಗಳನ್ನು ಕೂಡಿಸಿದರೆ ಬೆರಳಚ್ಚಿನಂಥದ್ದೊಂದು ಸಿಗುತ್ತದೆ. ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ 2010ರಲ್ಲಿ ಇದನ್ನು ಪರೀಕ್ಷಿಸಿದಾಗ, ನೋಡಿದ ಬ್ರೌಸರುಗಳಲ್ಲಿ ಶೇಕಡ 83.6 ಬೇರಾವುದಕ್ಕೂ ಹೋಲದೆ ಒಂಟಿಯಾಗಿ ಎದ್ದು ಕಂಡವು. ಈಗ ಯೋಚಿಸಿ: ಐಪಿ ವಿಳಾಸ ಕೇರಳದ್ದು, ಬ್ರೌಸರಿನ ಭಾಷೆ ಕನ್ನಡ. ಬೆಂಗಳೂರಿನಲ್ಲಿ ಕನ್ನಡದ ಬ್ರೌಸರ್ ಗುಂಪಿನಲ್ಲಿ ಗೋವಿಂದ. ಕುಂಬಳೆಯಲ್ಲಿ, ಮುಳ್ಳೇರಿಯದಲ್ಲಿ ಹಾಗಲ್ಲ, ಸುಲಭವಾಗಿ ಕಣ್ಣಿಗೆ ಬೀಳುತ್ತದೆ.

ಹಾಗೆಂದು ಕನ್ನಡವನ್ನು ಫೋನಿನಿಂದ ತೆಗೆಯಿರಿ ಎಂದು ನಾನು ಎಂದಿಗೂ ಹೇಳಲಾರೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಈಚೆಗೆ ಅರ್ಜಿಯ ನಮೂನೆಯಿಂದ ಬಸ್ಸಿನ ಫಲಕದವರೆಗೆ ಪ್ರತಿಯೊಂದರಲ್ಲಿಯೂ ಕನ್ನಡ ಕಾಣಲಿ ಎಂದು ಕೇಳುತ್ತ ಬಂದವರು ನಾವು. ಒಳಕೋಣೆ, ಚಾವಡಿಗಳಲ್ಲಿ ಭಾಷೆ ಕನ್ನಡವೇ ಇರಲಿ; ಅಲ್ಲಿ ಹೇಗೂ ಹೆಸರು ಹೇಳಿಯೇ ಕುಳಿತಿದ್ದೇವೆ. ಅಂಗಳದ ಬ್ರೌಸರಿನ ಭಾಷೆಯನ್ನು ಮಾತ್ರ ಇಂಗ್ಲಿಷಿಗೆ ಇಟ್ಟರೆ ಸಾಕು. ಕನ್ನಡದ ಪುಟಗಳು ಅದರಲ್ಲಿಯೂ ಕನ್ನಡದಲ್ಲಿಯೇ ತೆರೆಯುತ್ತವೆ, ಕನ್ನಡದಲ್ಲಿ ಬರೆದು ಹುಡುಕಲೂ ಬರುತ್ತದೆ.

ಅಕ್ಷಯ ಕೇಂದ್ರಕ್ಕೆ ಹೋದಾಗ

ಮಲಯಾಳದ ನಮೂನೆ ತುಂಬಲು ಬಾರದೆ, ಸರಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕಿಕೊಡುವ ಕೇರಳದ ಅಕ್ಷಯ ಕೇಂದ್ರಕ್ಕೆ ಹೋಗುವವರು ನಮ್ಮಲ್ಲಿ ಬಹಳ. ಅಲ್ಲಿನವರು ಸಹಾಯ ಮಾಡುತ್ತಾರೆ, ಆದರೆ ಕಂಪ್ಯೂಟರ್ ನೂರು ಜನರದ್ದು. ಪಾಸ್‌ವರ್ಡ್ ಉಳಿಸಲೇ ಎಂದು ಬ್ರೌಸರ್ ಕೇಳಿದರೆ ಬೇಡ ಎನ್ನಲು ಹೇಳಿ. ಕ್ರೋಮಿನಲ್ಲಿ ಅತಿಥಿಗೆಂದೇ ‘ಗೆಸ್ಟ್’ ಕಿಟಕಿಯಿದೆ, ಅದನ್ನು ಮುಚ್ಚಿದರೆ ಕುಕಿ ಉಳಿಯುವುದಿಲ್ಲ. ಅದರಲ್ಲಿ ತೆರೆಯಿರಿ ಎಂದು ಕೇಳಿಕೊಳ್ಳಲು ಸಂಕೋಚ ಬೇಡ. ಹೊರಡುವ ಮೊದಲು ‘ಡೌನ್‌ಲೋಡ್ಸ್’ನಲ್ಲಿ ಉಳಿದ ಆಧಾರ್, ಪಡಿತರ ಚೀಟಿಯ ಪ್ರತಿಗಳನ್ನು ಅಳಿಸಲು ಹೇಳಿ, ಗೆಸ್ಟ್ ಕಿಟಕಿ ಮುಚ್ಚಿದರೂ ಆ ಫೈಲುಗಳು ಅಲ್ಲಿಯೇ ಇರುತ್ತವೆ.

ಮನೆಯಲ್ಲಿ ಕಂಪ್ಯೂಟರ್ ಇದ್ದರೆ ಅದರಲ್ಲಿಯೂ ಇದೇ ಮೂರು ಬ್ರೌಸರ್, ಇದೇ ಕ್ರಮ. ಹೊಸ ಫೋನು ಕೊಂಡ ದಿನ ಹಳೆಯದರಿಂದ ಎಲ್ಲವನ್ನೂ ವರ್ಗಾಯಿಸಿದ ಕೂಡಲೇ ‘ಬ್ರೌಸರ್ ಆ್ಯಪ್’ ಯಾವುದು ಎಂದು ಇನ್ನೊಮ್ಮೆ ನೋಡಿ. ಹೊಸ ಫೋನಿನಲ್ಲಿ ಅದು ಮತ್ತೆ ಕ್ರೋಮ್ ಆಗಿರಬಹುದು. ಹಳೆಯ ಫೋನನ್ನು ಮಕ್ಕಳಿಗೆ ಕೊಡುವುದಾದರೂ ‘ಫ್ಯಾಕ್ಟರಿ ರಿಸೆಟ್’ ಮಾಡಿಯೇ ಕೊಡಿ. ಮೂರು ಪಟ್ಟಿ ಬರೆದ ಕಾಗದವನ್ನು ಮಾವ ಪಂಚಾಂಗದ ಹಿಂದೆ ಸಿಕ್ಕಿಸಿಟ್ಟಿದ್ದಾರೆ. ಹೊಸ ತಾಣವೊಂದು ಬಂದಾಗಲೆಲ್ಲ ಅತ್ತೆಯೇ ಅದನ್ನು ತೆಗೆದು, ಇದು ಯಾವ ಪಟ್ಟಿಗೆ ಎಂದು ಕೇಳಿ ಬರೆಯುತ್ತಾರೆ.